ದಾರಿತಪ್ಪಿದ ಅಂಗರಕ್ಷಕರು

ಅರಸೀಕೆರೆಯಲ್ಲಿ ರೈಲಿನಿಂದಿಳಿದು ಬೇಲೂರು, ಹಳೇಬೀಡುಗಳಿಗೆ ಹೋಗುವವರು ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಸ್ತಂಭವನ್ನು ನೋಡದೆ ಹಿಂದಿರುಗಬಾರದು. ಇಮ್ಮಡಿ ಬಲ್ಲಾಳನ ಅಂಗರಕ್ಷಕನಾಗಿದ್ದ ಕುವರ ಲಕ್ಷ್ಮನ ಸ್ಮಾರಕವದು. ವೀರರು ತಮ್ಮ ಕತ್ತಿಯಿಂದ ತಮ್ಮ ತಲೆಯನ್ನೇ ಕಡಿದುಕೊಳ್ಳುವ ಚಿತ್ರಗಳು ಅದರಲ್ಲಿವೆ. ಅವರದು ಸ್ವಾಮಿನಿಷ್ಠೆ. ನಮ್ಮ ದೇಹದ ಅಂಗರಕ್ಷಕರಾದರೋ ತಪ್ಪು ತಿಳಿದು ದೇಹದ ಮೇಲೆಯೇ ಕತ್ತಿಯೆತ್ತುವುದುಂಟು. ಸೋರಿಯಾಸಿಸ್ ಎಂಬ ಚರ್ಮವ್ಯಾಧಿಯು ಅಂತಹುದು.

ರಕ್ತದ ಬಿಳಿಯ ಕಣಗಳಲ್ಲಿ 'ಟಿ' ಕಣಗಳೆಂಬ ಪಂಗಡವೊಂದುಂಟು. ರೋಗಾಣುಗಳೊಡನೆ ಹೋರಾಡುವುದು ಇವುಗಳ ಧರ್ಮ. ಈ ವ್ಯಾಧಿಯಲ್ಲಿ ಅವು ಶತ್ರುವಿಲ್ಲದೆಯೇ ಚರ್ಮದಲ್ಲಿ ನೆರೆದು, ಇಂಟರ್‌ಲ್ಯೂಕಿನ್-17 ಮುಂತಾದ ದ್ರವ್ಯಗಳನ್ನು ಸುರಿಸಿ ಉರಿಯೂತವನ್ನೆಬ್ಬಿಸುವುವು. ಸುಮಾರು ತಿಂಗಳಿಗೊಮ್ಮೆ ಹೊಸತಾಗಬೇಕಾದ ಮೇಲ್ಚರ್ಮವು ಕೆಲವೇ ದಿನಗಳಲ್ಲಿ ಬೆಳೆದು ಬೆಳ್ಳಿಯ ಬಣ್ಣದ ಹೊಟ್ಟಾಗಿ ಉದುರುವುದು. ಕಲೆ ಮಾದರೂ ಕೆಲವು ಕಣಗಳು ಅಲ್ಲಿಯೇ ಉಳಿಯುವುದರಿಂದ, ವ್ಯಾಧಿಯು ಅದೇ ಸ್ಥಳದಲ್ಲಿ ಮರುಕಳಿಸುವುದುಂಟು.

ಇದು ಅಂಟುರೋಗವಲ್ಲ, 2014ರಲ್ಲಿ ವಿಶ್ವ ಆರೋಗ್ಯ ಸಭೆಯೂ ಹಾಗೆಂದೇ ಎಣಿಸಿತು. ಆದುದರಿಂದ ರೋಗಿಗೆ ಬೇರೆ ತಟ್ಟೆ, ಬೇರೆ ಹಾಸಿಗೆ ಮಾಡುವುದು ಅನ್ಯಾಯವೆಂದು ನಾವು ಹೇಳಲೇಬೇಕು.

ಈ ಉರಿಯೂತವು ಕೆಲವರಲ್ಲಿ ಕೀಲುಗಳಿಗೂ ತಗಲುವುದು. ಸಾಮಾನ್ಯವಾಗಿ ಕಲೆ ಕಂಡು ವರ್ಷಗಳಾದ ಮೇಲೆ. ಬೆಳಗಿನ ಹೊತ್ತು ಕೀಲುಗಳು ಬಿಗಿದುಕೊಂಡರೆ, ಬೆರಳು ಇಡಿಯಾಗಿ ಊದಿದರೆ, ಉಗುರಿನಲ್ಲಿ ಸಣ್ಣ ಗುಳಿಗಳು ಕಂಡರೆ, ವಾಯುವೆಂದು ಎಣ್ಣೆ ತಿಕ್ಕಿ ಸುಮ್ಮನಿರಬಾರದು. ಹಾಸನದ ಸರ್ಕಾರಿ ಆಸ್ಪತ್ರೆಗಾದರೂ ಹೋಗಿ, ಕೀಲಿನೊಡನೆ ಚರ್ಮದ ಕಲೆಯನ್ನೂ ತೋರಿಸಬೇಕು. ತಡಮಾಡಿದರೆ ಕೀಲು ಶಾಶ್ವತವಾಗಿ ಕೆಡಬಹುದು. ಆ ದ್ರವ್ಯಗಳನ್ನೇ ತಡೆಯುವ ಔಷಧಗಳು ಇಂದು ಉಂಟು. ವ್ಯಾಧಿಯು ಬುಡಸಹಿತ ಹೋಗದಿದ್ದರೂ ಹತೋಟಿಗೆ ಬರುವುದು. ದಾರಿತಪ್ಪಿದ ಅಂಗರಕ್ಷಕರನ್ನು ತಡೆಯುವುದು ವೈದ್ಯರ ಕೆಲಸ. ರೋಗಿಯನ್ನು ಪಂಕ್ತಿಯಲ್ಲಿ ಕುಳ್ಳಿರಿಸಿಕೊಳ್ಳುವುದು ನಮ್ಮ ಕೆಲಸ.