ಎಕ್ಸ್‌ರೇ: ಹೆದರಬೇಕೆ? ಬೇಡವೆ?

"ಎಕ್ಸ್‌ರೇ ತೆಗೆಸಿದ್ರೆ ಮೈಯೊಳಕ್ಕೆ ಕರೆಂಟು ಹೋಗ್ತದಂತೆ. ಕ್ಯಾನ್ಸರ್ ಬತ್ತದಂತೆ. ಬ್ಯಾಡ ಕಣಕ್ಕ."

ಕೊಳ್ಳೇಗಾಲ, ಹನೂರು, ಯಳಂದೂರಿನ ಹಳ್ಳಿಗಳಲ್ಲಿ ಹೀಗೆ ಹೆದರುವವರಿದ್ದಾರೆ. "ದುಡ್ಡು ಹೋದ್ರೂ ಹೋಗ್ಲಿ, ಒಂದ್ ಸ್ಕ್ಯಾನಿಂಗ್ ಬರ್ಕೊಡಿ ಸಾರ್" ಎಂದು ಡಾಕ್ಟರನ್ನು ಕಾಡುವವರೂ ಇದ್ದಾರೆ. ಯಾರ ಮಾತು ಸರಿ? ಬನ್ನಿ, ತಿಳಿಯೋಣ.

ಎಕ್ಸ್‌ರೇ ಕರೆಂಟಲ್ಲ. ಅದು ಕಣ್ಣಿಗೆ ಕಾಣದ ಕಿರಣ. 1895ರಲ್ಲಿ ಜರ್ಮನಿಯ ರಾಂಟ್‌ಜನ್ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದರು. ಮಾಂಸವನ್ನು ಈ ಕಿರಣ ಸುಲಭವಾಗಿ ದಾಟುತ್ತದೆ. ಮೂಳೆ ಅದನ್ನು ತಡೆಯುತ್ತದೆ. ಅದಕ್ಕೇ ಚಿತ್ರದಲ್ಲಿ ಮೂಳೆ ಬೆಳ್ಳಗೆ ಕಾಣುತ್ತದೆ. ಚಿತ್ರ ತೆಗೆದ ಮೇಲೆ ಕಿರಣ ಮೈಯಲ್ಲಿ ಉಳಿಯುವುದಿಲ್ಲ.

ಹಾಗಾದರೆ ಅಪಾಯವೇ ಇಲ್ಲವೆ? ಸ್ವಲ್ಪ ಇದೆ. ಕಿರಣ ಹಾದುಹೋಗುವಾಗ ಜೀವಕೋಶಗಳಿಗೆ ಪೆಟ್ಟಾಗಬಹುದು. ಬಹುಪಾಲು ಪೆಟ್ಟನ್ನು ಮೈ ತಾನೇ ಸರಿಮಾಡಿಕೊಳ್ಳುತ್ತದೆ. ಆದರೆ ಕಿರಣ ಹೆಚ್ಚಾದಷ್ಟೂ ಮುಂದೆ ಕ್ಯಾನ್ಸರ್ ಬರುವ ಸಂಭವ ತುಸು ಹೆಚ್ಚುತ್ತದೆ. ಆದ್ದರಿಂದ "ಎಷ್ಟು?" ಎಂದು ಕೇಳಬೇಕು.

ಬಂಡೆ, ಮಣ್ಣು, ಆಕಾಶ, ತಿನ್ನುವ ಆಹಾರ ಇವುಗಳಿಂದ ದಿನವೂ ನಮಗೆ ಸ್ವಲ್ಪ ವಿಕಿರಣ ತಾಗುತ್ತದೆ. ಅದರ ಜೊತೆ ಹೋಲಿಸಿ ನೋಡಿ:

ಎದೆಯ ಒಂದು ಎಕ್ಸ್‌ರೇ: ಸುಮಾರು 10 ದಿನ ತಾಗುವಷ್ಟು.
ತಲೆಯ ಸಿ.ಟಿ. ಸ್ಕ್ಯಾನ್: ಸುಮಾರು 8 ತಿಂಗಳು ತಾಗುವಷ್ಟು.
ಹೊಟ್ಟೆಯ ಸಿ.ಟಿ. ಸ್ಕ್ಯಾನ್: ಸುಮಾರು 3 ವರ್ಷ ತಾಗುವಷ್ಟು.

ಈಗ ತಕ್ಕಡಿ ಹಿಡಿಯೋಣ. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ. ಇದು ಕ್ಷಯ ಇರಬಹುದು. ಕಫ ಪರೀಕ್ಷೆ, ಎದೆಯ ಎಕ್ಸ್‌ರೇ ಮಾಡಿಸಬೇಕು. ಹೆದರಿ ಬಿಟ್ಟರೆ ರೋಗ ಶ್ವಾಸಕೋಶವನ್ನು ತಿನ್ನುತ್ತದೆ. ಮನೆಯ ಮಕ್ಕಳಿಗೂ ಹರಡುತ್ತದೆ. ಒಂದು ತಟ್ಟೆಯಲ್ಲಿ 10 ದಿನದ ವಿಕಿರಣ, ಇನ್ನೊಂದರಲ್ಲಿ ಮನೆಮಂದಿಯ ಜೀವ. ಯಾವುದು ಹೆಚ್ಚು ತೂಕ? ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯಕ್ಕೆ ಪರೀಕ್ಷೆ, ಔಷಧಿ ಉಚಿತ.

ಜೇನು ಕೀಳಲು ಮರ ಹತ್ತಿದವರು ಬಿದ್ದರು. ತಲೆಗೆ ಪೆಟ್ಟಾಯಿತು. ವಾಂತಿ, ಮಂಪರು ಶುರುವಾಯಿತು. ಆಗ ತಡಮಾಡಬಾರದು. ತಲೆಯೊಳಗೆ ರಕ್ತ ಸೋರಿದೆಯೇ ಎಂದು ಸಿ.ಟಿ. ಬೇಗ ತೋರಿಸುತ್ತದೆ.

ಆದರೆ ಮಾಮೂಲಿ ತಲೆನೋವಿಗೆಲ್ಲ ಸಿ.ಟಿ. ಬೇಡ. ಹುಳ ಬಿದ್ದ ಬೆಳೆಗೆ ಔಷಧಿ ಹೊಡೆಯುತ್ತೇವೆ. ಹುಳವಿಲ್ಲದ ಬೆಳೆಗೆ ಹೊಡೆದರೆ ದುಡ್ಡೂ ದಂಡ, ಬೆಳೆಗೂ ಕೆಡುಕು.

ಸ್ಕ್ಯಾನಿಂಗ್ ಎಲ್ಲಾ ಒಂದೇ ಅಲ್ಲ. ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್ ಶಬ್ದದ ಅಲೆಯದು. ಎಂ.ಆರ್.ಐ. ಅಯಸ್ಕಾಂತದ್ದು. ಇವೆರಡರಲ್ಲೂ ಎಕ್ಸ್‌ರೇ ಕಿರಣವಿಲ್ಲ.

ನೆನಪಿಡಿ:

ಬಸುರಿಯಾಗಿದ್ದರೆ, ಮುಟ್ಟು ನಿಂತಿದ್ದರೆ ಎಕ್ಸ್‌ರೇಗೆ ಮುಂಚೆಯೇ ಹೇಳಿ.
ಮಕ್ಕಳದು ಬೆಳೆಯುವ ಮೈ. ಅವರಿಗೆ ಅಪಾಯ ಹೆಚ್ಚು. "ಬೇರೆ ಪರೀಕ್ಷೆ ಸಾಕಾಗ್ತದಾ ಡಾಕ್ಟ್ರೇ?" ಎಂದು ಕೇಳಿ.
ಹಳೆಯ ಎಕ್ಸ್‌ರೇ, ಚೀಟಿ ಎಸೆಯಬೇಡಿ. ಮುಂದಿನ ಸಲ ಒಯ್ದು ತೋರಿಸಿ.
"ಈ ಚಿತ್ರದಿಂದ ಏನು ಗೊತ್ತಾಗ್ತದೆ?" ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.