ಗೋಡೆಯ ಲೆಕ್ಕ, ದುಡಿಮೆಯ ಲೆಕ್ಕ

2001ರಲ್ಲಿ 67 ಸಾವಿರ ಇದ್ದ ಗೋಕಾಕ ನಗರದ ಜನಸಂಖ್ಯೆ 2011ರ ಹೊತ್ತಿಗೆ 79 ಸಾವಿರ ದಾಟಿತ್ತು. ಊರು ಬೆಳೆದದ್ದು ಇದರಿಂದ ತಿಳಿಯುತ್ತದೆ. ಎಲ್ಲಿ ಒತ್ತೊತ್ತಾಗಿ ಬೆಳೆಯಿತು, ಅಲ್ಲಿಯವರು ಹೊಟ್ಟೆ ಹೊರೆಯುವುದು ಹೇಗೆ ಎಂಬುದು ತಿಳಿಯುವುದಿಲ್ಲ. ಹೊಸ ಬಡಾವಣೆಯ ಅಗಲ ಸೈಟುಗಳನ್ನೂ ನದಿದಂಡೆಯ ಕುಂಬಾರ ಗಲ್ಲಿ, ಉಪ್ಪಾರ ಗಲ್ಲಿ, ಹಳೆ ದನದ ಪೇಟೆಗಳನ್ನೂ ಕೂಡಿಸಿ ತೆಗೆದ ಸರಾಸರಿ ಯಾರ ಮನೆಗೂ ಹೊಂದುವುದಿಲ್ಲ. ಹಳೇ ಪೇಟೆಯಲ್ಲಿ ಮನೆ ಎಂದರೆ ಬರೀ ಮಲಗುವ ಜಾಗವಲ್ಲ. ಮುಂದೆ ಅಂಗಡಿ, ಹಿಂದೆ ಅಡುಗೆ, ಅಟ್ಟದ ಮೇಲೆ ಸರಕು. ಕರದಂಟಿಗೆ ಅಂಟು ಹುರಿಯಲು, ಕೊಬ್ಬರಿ ತುರಿಯಲು, ಬೆಲ್ಲದ ಪಾಕ ಹಿಡಿಯಲು ಒಲೆ, ಆಳು, ಗಿರಾಕಿ ಮೂರೂ ಹತ್ತಿರದಲ್ಲಿರಬೇಕು. ಮರದಲ್ಲಿ ಕಡೆದ ಮಾವು, ಬಾಳೆ, ಬದನೆಗೆ ಬಣ್ಣ ಬಳಿಯುವ ಆಟಿಕೆ ಕುಶಲಕರ್ಮಿಗೆ ಅವನ್ನು ಒಣಗಿಸಲು ಒಂದು ಕಟ್ಟೆಯಾದರೂ ಬೇಕು. ಕಿಕ್ಕಿರಿದದ್ದು ಎಂದು ನಾವು ಮೂಗು ಮುರಿಯುವ ಈ ಇಕ್ಕಟ್ಟೇ ಅಲ್ಲಿಯವರ ಬಂಡವಾಳ. ಉದ್ರಿ ಹುಟ್ಟುವುದೂ ಮುಖಪರಿಚಯ ಇದ್ದಲ್ಲೇ.

2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ನದಿಗಳೆರಡೂ ಒಟ್ಟಿಗೆ ಉಕ್ಕಿದವು. ಲೋಳಸೂರ ಸೇತುವೆ ಮುಳುಗಿತು, ಹಳೇ ಪೇಟೆಗೆ ನೀರು ನುಗ್ಗಿತು. ಸರ್ಕಾರ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ ರೂಪಾಯಿ ಘೋಷಿಸಿತು. ದೊಡ್ಡ ಮೊತ್ತವೇ, ಅಲ್ಲಗಳೆಯುವಂತಿಲ್ಲ. ಆದರೆ ಆ ಅಳತೆಗೋಲು ಅಳೆದದ್ದು ಗೋಡೆಯನ್ನು. ಅದೇ ಗೋಡೆಯೊಳಗೆ ಬಾಡಿಗೆಗಿದ್ದು ಹೊಲಿಗೆ ಹಾಕುತ್ತಿದ್ದವರ ಯಂತ್ರ, ನೀರುಪಾಲಾದ ದಾಸ್ತಾನು, ಬಾರದೇ ಹೋದ ಉದ್ರಿ ಮನೆಯ ಎ, ಬಿ, ಸಿಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ.

ನದಿಗೆ ಉದ್ರಿ-ಗಿದ್ರಿ ಗೊತ್ತಿಲ್ಲ, ಜೀವ ಉಳಿದರೆ ಬೆಲ್ಲ ಬೇಡಿ ತಿಂದೇವು, ಮೊದಲು ಜನರನ್ನು ಎತ್ತರಕ್ಕೆ ಒಯ್ಯಿರಿ ಎನ್ನುವವರ ಮಾತನ್ನು ತಳ್ಳಿಹಾಕಲಾಗದು. 2021ರಲ್ಲೂ 2024ರಲ್ಲೂ ನೀರು ಮತ್ತೆ ಬಂದದ್ದೇ ಅವರ ಪರ ಸಾಕ್ಷಿ. ನನ್ನ ತಕರಾರು ಸ್ಥಳಾಂತರಕ್ಕಲ್ಲ, ದುಡಿಮೆಯನ್ನು ಇಲ್ಲೇ ಬಿಟ್ಟು ಮನೆಯನ್ನಷ್ಟೇ ಸಾಗಿಸುವುದಕ್ಕೆ. ಹಾಗೆ ಕೊಟ್ಟ ಮನೆ ಬೀಗ ಹಾಕಿಕೊಂಡಿರುತ್ತದೆ, ಕುಟುಂಬ ಗಲ್ಲಿಗೇ ಮರಳುತ್ತದೆ. ಊರಿನಿಂದ ಆರು ಕಿಲೋಮೀಟರ್ ದೂರದ ಗೋಕಾಕ ಫಾಲ್ಸ್‌ನಲ್ಲಿ, 1885ರಲ್ಲಿ ಸ್ಥಾಪನೆಯಾದ ಗಿರಣಿ ಕಂಪನಿಗೂ ಮನೆ, ದುಡಿಮೆ ಒಟ್ಟಿಗಿರಬೇಕೆಂಬುದು ಗೊತ್ತಿತ್ತು. ಕಾರ್ಮಿಕರಿಗೆ ಗಿರಣಿಯ ಪಕ್ಕದಲ್ಲೇ ಮನೆ ಕಟ್ಟಿಸಿತು. ಅದು ಧರ್ಮಕ್ಕಲ್ಲ, ಲಾಭಕ್ಕೆ. ಆದರೂ ಲೆಕ್ಕ ಸರಿಯಿತ್ತು.

ಪರಿಹಾರಕ್ಕೆ ಕಸುಬಿನ ಲೆಕ್ಕವನ್ನೂ ಹಿಡಿದರೆ ಸುಳ್ಳು ಅರ್ಜಿಗಳ ಸುರಿಮಳೆಯಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ನೀರು ಇಳಿದ ಮೇಲೆ ಪಟ್ಟಿ ಮಾಡಲು ಕುಳಿತರೆ ಆಗುವುದೇ ಅದು. ಬೇಸಿಗೆಯಲ್ಲಿ, ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿರುವಾಗ, ಮನೆಮನೆಗೆ ಹೋಗಿ ನೋಡಿ ಬರೆದದ್ದನ್ನು ತಿರುಚುವುದು ಅಷ್ಟು ಸುಲಭವಲ್ಲ. ಅದಕ್ಕೆ ಹೊಸ ಇಲಾಖೆಯೇನೂ ಬೇಡ: ಜನಗಣತಿಯ ಮನೆಪಟ್ಟಿಯಲ್ಲೇ ಮನೆಯನ್ನು ವಾಸಕ್ಕೆ ಮಾತ್ರ ಬಳಸುತ್ತಾರೋ, ಜೊತೆಗೆ ಬೇರೆ ಕೆಲಸಕ್ಕೂ ಬಳಸುತ್ತಾರೋ ಎಂದು ಗುರುತಿಸುವ ಅಂಕಣವಿದೆ. ಈ ಬಾರಿಯ ಮನೆಪಟ್ಟಿ ಜನಗಣತಿ 2027ರದ್ದು. ಗಣತಿದಾರರು ಮನೆಪಟ್ಟಿ ಹಿಡಿದು ಬಂದಾಗ ‘ಬರೀ ಮನೆ’ ಎಂದು ಹೇಳಿ ಕಳಿಸಬೇಡಿ. ಪಡಸಾಲೆಯ ಹೊಲಿಗೆ ಯಂತ್ರವನ್ನೂ ಅಟ್ಟದ ಸರಕನ್ನೂ ಹೇಳಿ, ‘ಬೇರೆ ಕೆಲಸಕ್ಕೂ’ ಎಂದು ಬರೆಸಿರಿ.