ಕವಿಯ ಹೆಸರು ಮುಚ್ಚಿ ಓದಿ

ಕವಿಯ ಹೆಸರಿಲ್ಲ, ಕಾಲ ಗೊತ್ತಿಲ್ಲ. ಬರೀ ಪದ್ಯ ಅಚ್ಚಾದ ಒಂದು ಹಾಳೆ. ಓದಿ ಅನ್ನಿಸಿದ್ದು ಬರೆದುಕೊಡಿ ಅಂದ್ರೆ ಏನು ಬರೀತೀರಿ?

ಕೇಂಬ್ರಿಜ್‌ನಲ್ಲಿ ಐ. ಎ. ರಿಚರ್ಡ್ಸ್ ಅನ್ನೋ ಮೇಷ್ಟ್ರು ಇದನ್ನೇ ಮಾಡಿಸಿದರು. ಬಂದ ಬರಹಗಳನ್ನು ಇಟ್ಟುಕೊಂಡು 1929ರಲ್ಲಿ 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಪುಸ್ತಕ ತಂದರು. ಪದ್ಯದ ನೇರ ಅರ್ಥವೇ ಎಷ್ಟೋ ಜನರ ಕೈಗೆ ಸಿಕ್ಕಿರಲಿಲ್ಲ. ಅದೂ ಕೇಂಬ್ರಿಜ್‌ನಲ್ಲಿ!

ನಮ್ಮ ಕ್ಲಾಸಿಗೆ ಬನ್ನಿ. ರಾಬರ್ಟ್ ಫ್ರಾಸ್ಟ್ ಬರೆದ 'ದ ರೋಡ್ ನಾಟ್ ಟೇಕನ್'. ಯಾವ ಪೇಪರ್ ತೆಗೆದರೂ ಒಂದೇ ಮಾತು: "ಯಾರೂ ತುಳಿಯದ ದಾರಿ ಹಿಡಿ ಅಂತಾನೆ ಕವಿ." ಗೈಡಿನ ಕೃಪೆ! ಈಗ ಪೆನ್ಸಿಲ್ ಹಿಡ್ಕೊಂಡು ಎರಡನೇ, ಮೂರನೇ ಚರಣ ನಿಧಾನಕ್ಕೆ ಓದಿ. ಕವಲೊಡೆದ ಎರಡೂ ದಾರಿ ಹೆಚ್ಚುಕಡಿಮೆ ಒಂದೇ ಥರ ಸವೆದಿವೆ ಅಂತ ಅಲ್ಲೇ ಇದೆ. ಉದುರಿದ ಎಲೆಗಳೂ ಎರಡರ ಮೇಲೂ ಬಿದ್ದಿವೆ. ಹಾಗಾದ್ರೆ ಕೊನೆಯಲ್ಲಿ ಪದ್ಯದ 'ನಾನು', ಕಡಿಮೆ ಜನ ನಡೆದ ದಾರಿ ಹಿಡಿದೆ ಅಂತ ಬೇರೆಯೇ ಕತೆ ಹೇಳೋದು ಯಾಕೆ? ಅದೂ ಮುಂದೆ ಯಾವತ್ತೋ ಒಂದಿನ, ನಿಟ್ಟುಸಿರು ಬಿಡುತ್ತಾ?

ನಿಮ್ಮ ಪೇಪರ್ ಈ ಪ್ರಶ್ನೆಯಿಂದ ಶುರುವಾಗಲಿ; ಕವಿ ಹುಟ್ಟಿದ ಊರು, ಇಸವಿಯಿಂದ ಬೇಡ.